ಸತ್ತಿದೆಯೋ, ಮಲಗಿದೆಯೋ

ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ ಕೆಳಗಿನ ಮನೆಯ ಹುಡುಗಿ ಪ್ಲಾಸ್ಟಿಕ್ ಬೋಗುಣಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಬೋಗುಣಿಯಲ್ಲಿ ನಾಲ್ಕು ಬೆರಳು ನೀರು, ನೀರಿನಲ್ಲಿ ಅವಳ ಬಸವನಹುಳು. ನಾಲ್ಕು ವರ್ಷದ ಹಿಂದೆ ಅವಳ ತಾತ ಚೆಂಗಲ್ಪಟ್ಟಿನ ಕಡೆಯ ಗದ್ದೆ ಕಾಲುವೆಯಿಂದ ತಂದುಕೊಟ್ಟದ್ದು. ತಂದಾಗಲೇ ದೊಡ್ಡ ನಿಂಬೆಹಣ್ಣಿನಷ್ಟಿತ್ತು, ಅಂದರೆ ಆಗಲೇ ವಯಸ್ಸಾಗಿತ್ತು. ಈಗ ಚಿಪ್ಪಿನ ತುದಿಯ ಹಸಿರು ಬಣ್ಣ ಸವೆದು ಸುಣ್ಣದ ಬಿಳಿ ಕಾಣುತ್ತಿತ್ತು. ಐದು ದಿನದಿಂದ ಅದು ಬಾಗಿಲು ತೆರೆದಿಲ್ಲ, ಕದಲಿಲ್ಲ, ಹಾಕಿದ ಸೊಪ್ಪು ಹಾಗೆಯೇ ಕೊಳೆಯುತ್ತಿದೆ.

"ಅಕ್ಕಾ, ಇದು ಸೆತ್ತುಪೋಚ್ಚಾ?" ಎಂದಳು. ಸತ್ತುಹೋಯಿತಾ ಎಂದು.

ಚೆನ್ನೈಗೆ ಬಂದ ಮೇಲೆ ನನ್ನನ್ನು ಹಲವರು ಹಲವು ಪದಗಳ ಅರ್ಥ ಕೇಳಿದ್ದಾರೆ. ಅನುವಾದ ಮಾಡುವವಳಿಗೆ ಅದು ಸಹಜ. ಈ ಪ್ರಶ್ನೆಗೆ ಮಾತ್ರ ಯಾವ ನಿಘಂಟೂ ಒದಗಲಿಲ್ಲ. ಹುಡುಗಿಯ ಅಮ್ಮ ಆಗಲೇ ತೀರ್ಪು ಕೊಟ್ಟಾಗಿತ್ತು: ಸತ್ತಿದೆ, ಬಿಸಾಡು. ಹುಡುಗಿಗೆ ನಂಬಿಕೆ ಇರಲಿಲ್ಲ. ನಾನು ಒಂದು ವಾರ ಗಡುವು ಕೇಳಿದೆ. ಆ ವಾರದಲ್ಲಿ ಓದಿದ್ದು, ನೆನಪು ಮಾಡಿಕೊಂಡದ್ದು ಈ ಬರಹ. ಬಸವನಹುಳುವಿನ ಸಾವನ್ನು ಗುರುತಿಸುವುದರಲ್ಲಿ ಎಡವಿದವರ ಚರಿತ್ರೆ ಸಣ್ಣದಲ್ಲ. ಅದರಲ್ಲಿ ಬಹಳ ದೊಡ್ಡ ಸಂಸ್ಥೆಗಳೂ ಇವೆ.

ಅತ್ಯಂತ ಪ್ರಸಿದ್ಧವಾದ ತಪ್ಪು ನಡೆದದ್ದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ. ಈಜಿಪ್ಟಿನ ಮರುಭೂಮಿಯಿಂದ ಚಾರ್ಲ್ಸ್ ಲ್ಯಾಂಬ್ ಎಂಬ ಸಂಗ್ರಾಹಕರೊಬ್ಬರು ತಂದಿದ್ದ ನೆಲದ ಬಸವನಹುಳುಗಳನ್ನು 1846ರ ಮಾರ್ಚ್ 25ರಂದು ಅಲ್ಲಿನ ಸಿಬ್ಬಂದಿ ಹಲಗೆಯೊಂದಕ್ಕೆ ಗೋಂದು ಹಚ್ಚಿ ಅಂಟಿಸಿದರು. ಜಾತಿಯ ಹೆಸರು ಹೆಲಿಕ್ಸ್ ಡೆಸರ್ಟೋರಮ್. ಚಿಪ್ಪುಗಳು ಒಣಗಿದ್ದವು, ಒಳಗಿನಿಂದ ಯಾವ ಚಲನೆಯೂ ಇರಲಿಲ್ಲ. ಹೆಸರಿನ ಚೀಟಿ ಬಿತ್ತು, ಗಾಜಿನ ಪೆಟ್ಟಿಗೆ ಮುಚ್ಚಿತು.

ನಾಲ್ಕು ವರ್ಷ ಕಳೆದು 1850ರ ಮಾರ್ಚ್‌ನಲ್ಲಿ, ಅದೇ ಪೆಟ್ಟಿಗೆಯ ಬೇರೆ ಚಿಪ್ಪುಗಳನ್ನು ನೋಡುತ್ತಿದ್ದ ವಿಲಿಯಂ ಬೇರ್ಡ್ ಅವರ ಕಣ್ಣಿಗೆ ಒಂದು ಹುಳುವಿನ ಬಾಯಿಗೆ ಅಡ್ಡವಾಗಿ ಕಟ್ಟಿದ ತೆಳು ಪೊರೆ ಬಿತ್ತು. ನೆಲದ ಬಸವನಹುಳುಗಳು ಬರಗಾಲದಲ್ಲಿ ತಮ್ಮ ಲೋಳೆಯಿಂದಲೇ ಬಾಗಿಲಿಗೆ ಇಂಥ ಪರದೆ ಕಟ್ಟಿಕೊಳ್ಳುತ್ತವೆ. ಬೇರ್ಡ್ ಗಮನಿಸಿದ್ದು ಆ ಪೊರೆ ಹೊಸದು ಎಂಬುದನ್ನು. ಸತ್ತದ್ದು ಪರದೆ ಕಟ್ಟುವುದಿಲ್ಲ. ಹುಳುವನ್ನು ಹಲಗೆಯಿಂದ ಬಿಡಿಸಿ ಉಗುರುಬೆಚ್ಚಗಿನ ನೀರಿಗೆ ಹಾಕಿದರು. ಸ್ವಲ್ಪ ಹೊತ್ತಿಗೆ ತಲೆ ಹೊರಬಂತು. ಮರುದಿನ ಎಲೆಕೋಸಿನ ಎಲೆ ತಿಂದಿತು. ಒಂದೆರಡು ತಿಂಗಳಲ್ಲಿ, ಹಲಗೆಗೆ ಅಂಟಿಸುವಾಗ ಮುರಿದಿದ್ದ ಚಿಪ್ಪಿನ ಅಂಚನ್ನು ತಾನೇ ರಿಪೇರಿ ಮಾಡತೊಡಗಿತು. ಎಸ್. ಪಿ. ವುಡ್‌ವರ್ಡ್ ಅವರ ಮೃದ್ವಂಗಿಗಳ ಕೈಪಿಡಿಯಲ್ಲಿ ಅದರ ಚಿತ್ರವೂ ಅಚ್ಚಾಯಿತು. 1852ರಲ್ಲಿ ಅದು ನಿಜವಾಗಿ ಸತ್ತಿತು.

ಈ ಕತೆಯನ್ನು ಸಾಮಾನ್ಯವಾಗಿ ಹುಳುವಿನ ಸಾಹಸವೆಂದು ಹೇಳುತ್ತಾರೆ. ನನಗೆ ಅದು ಆ ಹೆಸರಿನ ಚೀಟಿಯ ಕತೆಯಾಗಿ ಕಂಡಿತು. 1846ರಲ್ಲಿ ಗೋಂದು ಹಚ್ಚಿದವರು ಅಜ್ಞಾನಿಗಳಲ್ಲ. ಚಿಪ್ಪು ಸಂಗ್ರಹದ ಕಾಲ ಅದು. ಅವರಿಗೆ ಚಿಪ್ಪು ಬೇಕಿತ್ತು, ಒಳಗಿನ ಜೀವ ಲೆಕ್ಕದಲ್ಲೇ ಇರಲಿಲ್ಲ. ಸತ್ತಿದೆ ಎಂದು ಯಾರೂ ಪರೀಕ್ಷಿಸಿ ನಿರ್ಧರಿಸಲಿಲ್ಲ, ಬದುಕಿದೆಯೇ ಎಂದು ಕೇಳುವ ಕಾರಣವೇ ಅವರಿಗಿರಲಿಲ್ಲ.

ಆ ಈಜಿಪ್ಟಿನ ಹುಳು ಲಂಡನ್ನಿನಲ್ಲಿ ಎಲೆಕೋಸು ತಿನ್ನುತ್ತಿದ್ದ 1851ರಲ್ಲೇ ಮದ್ರಾಸಿನಲ್ಲೂ ಸರ್ಕಾರಿ ಮ್ಯೂಸಿಯಂ ಆರಂಭವಾಯಿತು. ಇಂದು ಎಗ್ಮೋರಿನ ಪ್ಯಾಂಥಿಯನ್ ರಸ್ತೆಯಲ್ಲಿರುವ ಅದೇ ಮ್ಯೂಸಿಯಂ. ಮೊದಲ ಮುಖ್ಯಸ್ಥ ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯ. ಕಲ್ಲು, ಚಿಪ್ಪು, ಎಲುಬುಗಳ ಜೊತೆಗೆ ಬಾಲ್ಫರ್ ಜೀವಂತ ಪ್ರಾಣಿಗಳನ್ನೂ ಮ್ಯೂಸಿಯಮ್ಮಿನ ಆವರಣದಲ್ಲಿ ಇಟ್ಟರು. ಜನ ಅವುಗಳನ್ನು ನೋಡಲು ಮುಗಿಬಿದ್ದರು. 1855ರಲ್ಲಿ ಶುರುವಾದ ಆ ಸಂಗ್ರಹವೇ ಮದ್ರಾಸ್ ಮೃಗಾಲಯದ ಮೂಲ. ಅದರ ಇಂದಿನ ವಿಳಾಸ ವಂಡಲೂರು. ಸತ್ತವುಗಳಿಗೆ ಒಂದು ಬಾಗಿಲು, ಬದುಕಿರುವವುಗಳಿಗೆ ಇನ್ನೊಂದು ಎಂದು ವಿಂಗಡಿಸುವುದು ಹುಲಿಯ ವಿಷಯದಲ್ಲಿ ಸುಲಭ. ಬಸವನಹುಳುವನ್ನು ಯಾವ ಬಾಗಿಲಿಂದ ಒಳಗೆ ಬಿಡಬೇಕು ಎಂಬುದೇ ತೊಡಕು.

ಅದೇ ದಶಕದಲ್ಲಿ ಚಾರ್ಲ್ಸ್ ಡಾರ್ವಿನ್ ಅವರ ತಲೆಯಲ್ಲೂ ಈ ತೊಡಕಿತ್ತು. ಸಾಗರದ ನಡುವಿನ ದ್ವೀಪಗಳಲ್ಲೂ ನೆಲದ ಬಸವನಹುಳುಗಳಿವೆ. ಉಪ್ಪುನೀರು ತಾಗಿದರೆ ಸಾಯುವ ಜೀವಿ ಅಲ್ಲಿಗೆ ಹೋದದ್ದು ಹೇಗೆ? ಚಳಿಗಾಲದ ನಿದ್ದೆಯಲ್ಲಿ ಬಾಗಿಲು ಮುಚ್ಚಿಕೊಂಡ ಹುಳುಗಳನ್ನು ಅವರು ಸಮುದ್ರದ ನೀರಿನಲ್ಲಿ ಮುಳುಗಿಸಿಟ್ಟರು. ಹೆಲಿಕ್ಸ್ ಪೊಮಾಷಿಯಾ ಎಂಬ ಹುಳುವೊಂದು 20 ದಿನ ಮುಳುಗಿದ್ದು ಚೇತರಿಸಿಕೊಂಡಿತು. ಅದರ ಗಟ್ಟಿ ಬಾಗಿಲನ್ನು ಡಾರ್ವಿನ್ ಕಿತ್ತರು; ಅದು ಇನ್ನೊಂದು ತೆಳು ಪೊರೆ ಕಟ್ಟಿಕೊಂಡಿತು. ಮತ್ತೆ 14 ದಿನ ಮುಳುಗಿಸಿದರು. ಮತ್ತೆ ಎದ್ದು ತೆವಳಿಕೊಂಡು ಹೋಯಿತು. ನೋಡುವವರಿಗೆ ಆ ದಿನಗಳಲ್ಲಿ ಅದು ಸತ್ತ ಹುಳುವೇ. ಸತ್ತಂತಿರುವ ಶಕ್ತಿಯೇ ಅದನ್ನು ಸಮುದ್ರ ದಾಟಿಸಬಲ್ಲದು ಎಂಬುದು ಅವರ ವಾದಕ್ಕೆ ಬೇಕಿದ್ದ ಸಾಕ್ಷಿ.

ನಮ್ಮ ಬೋಗುಣಿಯಲ್ಲಿದ್ದದ್ದು ನೆಲದ ಹುಳುವಲ್ಲ, ಗದ್ದೆ ಕೆರೆಗಳ ಪೈಲಾ. ನಮ್ಮ ದೇಶದಲ್ಲಿ ಪ್ರಾಣಿಶಾಸ್ತ್ರ ಓದಿದ ಹಿಂದಿನ ತಲೆಮಾರುಗಳಿಗೆಲ್ಲ ಇದು ಪರಿಚಿತ. ಬೈನಿ ಪ್ರಶಾದ್ ಅವರು 1925ರಲ್ಲಿ ಇದರ ಅಂಗರಚನೆಯನ್ನು ವಿವರವಾಗಿ ಬರೆದರು. ಆಮೇಲೆ ದಶಕಗಟ್ಟಲೆ ಕಾಲೇಜಿನ ಮೇಣದ ತಟ್ಟೆಗಳಲ್ಲಿ ಕಪ್ಪೆ, ಜಿರಳೆಗಳ ಪಕ್ಕ ಪೈಲಾ ಇತ್ತು. 2011ರ ಯುಜಿಸಿ ಮಾರ್ಗಸೂಚಿಗಳ ನಂತರವೇ ಆ ಛೇದನದ ಪಾಠಗಳು ಹಿಂದೆ ಸರಿಯತೊಡಗಿದ್ದು.

ಪೈಲಾದ ವಿಶೇಷ ಎರಡು. ಒಂದು, ಅದಕ್ಕೆ ಎರಡು ಬಗೆಯ ಉಸಿರಾಟವಿದೆ: ಬಲಬದಿಗೆ ನೀರಿನಲ್ಲಿ ಉಸಿರಾಡುವ ಕಿವಿರು, ಎಡಬದಿಗೆ ಗಾಳಿಗೆಂದು ಶ್ವಾಸಚೀಲ. ಎರಡು, ಪಾದದ ಹಿಂಬದಿಗೆ ಅಂಟಿಕೊಂಡ, ಸುಣ್ಣದಿಂದ ಗಟ್ಟಿಯಾದ ಮುಚ್ಚಳ. ಹುಳು ಒಳಗೆ ಸರಿದಾಗ ಕೊನೆಗೆ ಬರುವುದು ಈ ಮುಚ್ಚಳ. ಚಿಪ್ಪಿನ ಬಾಯಿಗೆ ಅಳತೆ ತೆಗೆದು ಮಾಡಿಸಿದ ಹಾಗೆ ಕೂರುತ್ತದೆ. ಕೆರೆ ಬತ್ತುತ್ತ ಬಂದಾಗ ಪೈಲಾ ಕೆಸರಿನೊಳಗೆ ಇಳಿದು, ಮುಚ್ಚಳ ಎಳೆದುಕೊಂಡು, ಮಳೆ ಬರುವ ತನಕ ಬೇಸಿಗೆ ನಿದ್ದೆ ಮಾಡುತ್ತದೆ. ಒಳಗಿನ ಜೀವನವ್ಯಾಪಾರ ತೀರ ತಗ್ಗಿಬಿಡುತ್ತದೆ. ಈ ನಿದ್ದೆಯ ಒಳಗುಟ್ಟನ್ನು ವಿ. ಆರ್. ಮೀನಾಕ್ಷಿ ಅವರು 1950 ಮತ್ತು 60ರ ದಶಕಗಳಲ್ಲಿ ಅಧ್ಯಯನ ಮಾಡಿದರು. 1956ರ ಅವರ ಒಂದು ಟಿಪ್ಪಣಿ ಅಚ್ಚಾದದ್ದು ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ. ಅದರ ವಸ್ತು ದಕ್ಷಿಣ ಭಾರತದ ಪೈಲಾ ವೈರೆನ್ಸ್, ಅಂದರೆ ಹಸಿರು ಛಾಯೆಯ ಈ ಹುಳುವೇ.

ಚೆನ್ನೈಯವರಿಗೆ ಬತ್ತಿದ ಕೆರೆ ಎಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. 2019ರ ಜೂನ್‌ನಲ್ಲಿ ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಈ ನಾಲ್ಕೂ ಜಲಾಶಯಗಳು ಬಹುತೇಕ ಬರಿದಾಗಿದ್ದವು. ಜುಲೈನಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ಬಂತು. ನಾವು ಕೊಡ ಹಿಡಿದು ಲಾರಿ ಕಾಯುತ್ತಿದ್ದಾಗ, ಊರಾಚೆಯ ಕೆರೆ ಗದ್ದೆಗಳ ಬಿರುಕು ಬಿಟ್ಟ ಕೆಸರಿನೊಳಗೆ ಪೈಲಾದ ಕುಲ ಬಾಗಿಲು ಹಾಕಿಕೊಂಡು ಮಳೆ ಕಾಯುತ್ತಿದ್ದಿರಬೇಕು. ಅವುಗಳಿಗೆ ಅದು ಪ್ರತಿ ಬೇಸಿಗೆಯ ಕೆಲಸ. ಹಾಗಾಗಿ ಮೇ ತಿಂಗಳಲ್ಲಿ ಪೈಲಾವೊಂದು ಐದು ದಿನ ಬಾಗಿಲು ತೆರೆಯದಿದ್ದರೆ ಅದು ಸಾವಿನ ಸಾಕ್ಷಿಯಲ್ಲ. ಮನೆಯ ಬೋಗುಣಿಯಲ್ಲಿ ನೀರು ತುಂಬಿದ್ದರೂ, ನೀರು ಕಾದಾಗ ಅಥವಾ ಹೊಲಸಾದಾಗ ಅದು ಮುಚ್ಚಿಕೊಂಡು ಕೂರಬಹುದು.

ಇಲ್ಲಿ ಹುಳುವಿನ ಹೆಸರು ಹೇಳಬೇಕು. ಹುಡುಗಿ ಅದನ್ನು ಬರೀ ನತ್ತೈ ಎನ್ನುತ್ತಿದ್ದಳು. ತಮಿಳಿನ ನತ್ತೈ, ತೆಲುಗಿನ ನತ್ತ, ತುಳುವಿನ ನರ್ತೆ, ಹಳೆಯ ಕನ್ನಡದ ನತ್ತೆ ಎಲ್ಲ ಒಂದೇ ಬಳ್ಳಿಯವು. ನಾವು ಮಾತ್ರ ಆ ಪದವನ್ನು ಬಹುಮಟ್ಟಿಗೆ ಬಿಟ್ಟು, ಎರಡು ಕೊಂಬು ಕಂಡು ಬಸವನ ಹೆಸರು ಕೊಟ್ಟೆವು. ಅವಳಿಗೆ ನಾನು ಹೇಳಿಕೊಟ್ಟ ಹೆಸರು ನಂದು. ಸಂಗಂ ಕಾಲದ ತಮಿಳಿನಲ್ಲಿ ನಂದು ಎಂದರೆ ಬಸವನಹುಳು, ಶಂಖ. ಶಿವನ ನಂದಿಯೂ ನೆನಪಾಗುತ್ತದೆ, ಕನ್ನಡದ ಬಸವನಿಗೆ ಹೊಂದುತ್ತದೆ ಎಂದು ಖುಷಿಪಟ್ಟಿದ್ದೆ. ಕನ್ನಡದಲ್ಲಿ ನಂದು ಎಂಬ ಕ್ರಿಯಾಪದವೂ ಇದೆ, ದೀಪ ನಂದಿತು ಎನ್ನುತ್ತೇವೆ ಎಂಬುದು ಹೆಸರಿಡುವಾಗ ಹೊಳೆದಿರಲಿಲ್ಲ. ಇದು ಬರೀ ಸದ್ದಿನ ಹೋಲಿಕೆ. ಆದರೂ ಬೋಗುಣಿಯನ್ನು ನೋಡುತ್ತ ಆ ಪದ ಒಂದೆರಡು ಸಲ ಚುಚ್ಚಿತು.

ಈ ನಂದು ತಮಿಳಿನ ಅತ್ಯಂತ ಹಳೆಯ ವ್ಯಾಕರಣ ಗ್ರಂಥವಾದ ತೊಲ್ಕಾಪ್ಪಿಯಂನಲ್ಲೂ ಬರುತ್ತದೆ. ಅದರ ಪೊರುಳ್ ಭಾಗದ ಮರಬಿಯಲ್ ಅಧ್ಯಾಯ ಜೀವಿಗಳನ್ನು ಅವು ಎಷ್ಟು ಬಗೆಯಲ್ಲಿ ಲೋಕವನ್ನು ಅರಿಯುತ್ತವೆ ಎಂಬ ಲೆಕ್ಕದಲ್ಲಿ ಜೋಡಿಸುತ್ತದೆ. ಹುಲ್ಲು ಮರಗಳಿಗೆ ಒಂದೇ ಅರಿವು, ಸ್ಪರ್ಶ. ಬಸವನಹುಳು ಮತ್ತು ಚಿಪ್ಪಿನ ಜೀವಿಗಳಿಗೆ ಎರಡು: ಸ್ಪರ್ಶ ಮತ್ತು ರುಚಿ. ಗೆದ್ದಲು ಇರುವೆಗಳಿಗೆ ವಾಸನೆ ಸೇರಿ ಮೂರು. ಹೀಗೆ ಏರುತ್ತ ಮನಸ್ಸುಳ್ಳ ಮನುಷ್ಯನಿಗೆ ಆರು. ಜೈನರ ವಿಂಗಡಣೆಯೂ ಹೀಗೆಯೇ ಸಾಗುತ್ತದೆ. ಅಲ್ಲಿ ಶಂಖ, ಚಿಪ್ಪಿನ ಜೀವಿಗಳು ದ್ವೀಂದ್ರಿಯಗಳ ಸಾಲಿನಲ್ಲಿವೆ.

ಇಂದಿನ ಜೀವಶಾಸ್ತ್ರ ಈ ಲೆಕ್ಕವನ್ನು ಒಪ್ಪುವುದಿಲ್ಲ. ಬಸವನಹುಳುವಿಗೆ ವಾಸನೆ ಗೊತ್ತಾಗುತ್ತದೆ, ಬೆಳಕು ಕತ್ತಲು ತಿಳಿಯುವ ಕಣ್ಣೂ ಇದೆ. ಪೈಲಾಕ್ಕಂತೂ ಒಳಬರುವ ನೀರನ್ನು ಪರೀಕ್ಷಿಸಲೆಂದೇ ಒಂದು ಅಂಗವಿದೆ. ಆದರೆ ಹುಳು ಬದುಕಿದೆಯೇ ಎಂದು ತಿಳಿಯಲು ಇವತ್ತಿಗೂ ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳು ಹೆಚ್ಚುಕಡಿಮೆ ಆ ಎರಡೇ: ಮುಟ್ಟಿ ನೋಡುವುದು, ತಿನ್ನಲು ಕೊಟ್ಟು ನೋಡುವುದು. ಅದು ಲೋಕವನ್ನು ಅರಿಯುವ ದಾರಿಯಲ್ಲೇ ನಾವೂ ಅದನ್ನು ಅರಿಯಬೇಕು.

ಈ ಜ್ಞಾನ ಗ್ರಂಥಗಳಿಗಿಂತ ಅಡುಗೆಮನೆಗಳಲ್ಲಿ ಹೆಚ್ಚು ಉಳಿದಿದೆ. ತುಳುನಾಡಿನಲ್ಲಿ ಮಳೆಗಾಲಕ್ಕೆ ನರ್ತೆ ಹೆಕ್ಕಿ ಸಾರು ಮಾಡುವವರಿದ್ದಾರೆ. ತಮಿಳುನಾಡಿನಲ್ಲಿ ಮೂಲವ್ಯಾಧಿಗೆ ಒಳ್ಳೆಯದೆಂದು ನತ್ತೈ ತಿನ್ನುವವರಿದ್ದಾರೆ. ಚಿಪ್ಪಿನ ಜೀವಿಗಳನ್ನು ಬೇಯಿಸುವವರಿಗೆ ಸತ್ತದ್ದನ್ನು ಆರಿಸಿ ಎಸೆಯುವುದು ಮೊದಲ ಕೆಲಸ, ಏಕೆಂದರೆ ಸತ್ತದ್ದೊಂದು ಪಾತ್ರೆಗೆ ಬಿದ್ದರೆ ಇಡೀ ಅಡುಗೆ ಕೆಡುತ್ತದೆ, ಹೊಟ್ಟೆಯೂ ಕೆಡುತ್ತದೆ. ಅವರು ನೋಡುವುದು ಅದು ಓಡಾಡುತ್ತಿದೆಯೇ ಎಂದಲ್ಲ, ಬಾಗಿಲನ್ನು ಹಿಡಿದಿಟ್ಟುಕೊಂಡಿದೆಯೇ ಎಂದು.

ಆ ಲೆಕ್ಕ ನಾವು ಅಂದುಕೊಳ್ಳುವುದಕ್ಕೆ ತಿರುಗುಮುರುಗು. ಮುಚ್ಚಿದ ಬಾಗಿಲು ಕಂಡರೆ ನಮಗೆ ಸಾವು ನೆನಪಾಗುತ್ತದೆ. ಪೈಲಾದಲ್ಲಿ ಮುಚ್ಚಳ ಬಿಗಿಯಾಗಿ ಕೂತಿದೆ ಎಂದರೆ ಒಳಗೆ ಸ್ನಾಯು ಅದನ್ನು ಎಳೆದು ಹಿಡಿದಿದೆ ಎಂದರ್ಥ, ಅಂದರೆ ಜೀವವಿದೆ. ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಅದು ಇನ್ನಷ್ಟು ಒಳಗೆ ಸರಿಯಬೇಕು. ಸತ್ತ ಮೇಲೆ ಸ್ನಾಯು ಸಡಿಲಾಗುತ್ತದೆ. ಮುಚ್ಚಳ ಓರೆಯಾಗಿ ತೂಗುತ್ತದೆ, ಕೊನೆಗೆ ಕಳಚಿ ಬೀಳುತ್ತದೆ. ಮೈ ಹೊರಗೆ ಜೋತು ಬಿದ್ದಿದ್ದು, ಮುಟ್ಟಿದರೂ ಒಳಗೆ ಹೋಗದಿದ್ದರೆ ಅದು ಕೆಟ್ಟ ಸೂಚನೆ. ನೀರಿನಲ್ಲಿ ತೇಲುವುದನ್ನು ಮಾತ್ರ ನಂಬಬಾರದು. ಶ್ವಾಸಚೀಲದಲ್ಲಿ ಗಾಳಿ ತುಂಬಿಕೊಂಡ ಆರೋಗ್ಯವಂತ ಪೈಲಾವೂ ತೇಲುತ್ತದೆ. ಮುಚ್ಚಳವಿಲ್ಲದ ನೆಲದ ಹುಳುಗಳಲ್ಲಿ ಪೊರೆ ಹೊಸದಾಗಿದೆಯೇ ನೋಡಬೇಕು, ಬೇರ್ಡ್ ನೋಡಿದ ಹಾಗೆ. ಬಹಳ ದಿನದ ಹಿಂದೆ ಸತ್ತದ್ದಾದರೆ ಚಿಪ್ಪು ಕೈಗೆ ಹಗುರವಾಗಿ ಬರುತ್ತದೆ.

ವಯಸ್ಸಾದ ಹುಳುವಿನಲ್ಲಿ ಇದೆಲ್ಲ ಇನ್ನೂ ಕಷ್ಟ. ಅದು ತಿನ್ನುವುದು ಕಡಿಮೆ, ಚಿಪ್ಪಿಗೆ ಹೊಸ ಅಂಚು ಸೇರಿಸುವುದು ನಿಂತಿರುತ್ತದೆ, ಮುಟ್ಟಿದರೆ ಒಳಸರಿಯುವುದೂ ನಿಧಾನ. ಹಾಗಾಗಿ ಒಂದೇ ಸಲ ನೋಡಿ ಹೇಳುವಂತಿಲ್ಲ. ಶುದ್ಧ ನೀರು ಕೊಟ್ಟು, ನೆರಳಿನಲ್ಲಿಟ್ಟು, ಮರುದಿನ ನೋಡಬೇಕು, ಅದರ ಮರುದಿನವೂ ನೋಡಬೇಕು. ಮುಚ್ಚಳವನ್ನು ಬಲವಂತವಾಗಿ ಎಬ್ಬಬಾರದು. ಬದುಕಿದ್ದರೆ ಆ ಪರೀಕ್ಷೆಯೇ ಅದನ್ನು ಕೊಂದೀತು. ತಪ್ಪದ ಗುರುತು ಒಂದೇ, ವಾಸನೆ. ನಮ್ಮ ಸೆಕೆಯಲ್ಲಿ ಸತ್ತ ಹುಳು ಒಂದೆರಡು ದಿನದಲ್ಲೇ ಮನೆಯವರಿಗೆಲ್ಲ ತಿಳಿಯುವಂತೆ ನಾರುತ್ತದೆ.

ಈ ಸತ್ತಂತಿರುವ ಗುಣವನ್ನು ಕಂಡು ಮರುಗುವ ಮುನ್ನ ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಬಂಗಾಳದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಬೆನ್ಸನ್ ಚಿಪ್ಪುಗಳ ದೊಡ್ಡ ವಿದ್ವಾಂಸ. 1847ರಲ್ಲಿ, ಆ ಈಜಿಪ್ಟಿನ ಹುಳು ಲಂಡನ್ನಿನ ಹಲಗೆಗೆ ಅಂಟಿದ ಮರುವರ್ಷ, ಮಾರಿಷಸ್‌ನಿಂದ ದೈತ್ಯ ಆಫ್ರಿಕನ್ ಬಸವನಹುಳುಗಳನ್ನು ಅವರು ಕಲ್ಕತ್ತೆಗೆ ತಂದರು. ಅವು ಚೌರಂಘಿಯ ತೋಟವೊಂದನ್ನು ಸೇರಿದವು. ಅಲ್ಲಿಂದ ಹಬ್ಬಿದ ಸಂತತಿ ಇಂದು ಚೆನ್ನೈ, ಬೆಂಗಳೂರುಗಳ ಕೈತೋಟಗಳಲ್ಲಿ, ಕೊಡಗಿನ ಶನಿವಾರಸಂತೆ ಸುತ್ತಿನ ಕಾಫಿ ತೋಟಗಳಲ್ಲಿ ಬೆಳೆಗಾರರ ನಿದ್ದೆ ಕೆಡಿಸಿದೆ. ಬೇಸಿಗೆಯಲ್ಲಿ ಮಣ್ಣಿನೊಳಗೆ, ಕಲ್ಲಿನ ಸಂದಿಯಲ್ಲಿ ಪೊರೆ ಕಟ್ಟಿಕೊಂಡು ಕೂತದ್ದನ್ನು ನೋಡಿ ಪೀಡೆ ತೊಲಗಿತು ಎಂದುಕೊಂಡರೆ ಮೊದಲ ಮಳೆಗೆ ಎಲ್ಲವೂ ಎದ್ದು ಬರುತ್ತವೆ. ಆ ರೈತನಿಗೂ ನಮ್ಮ ಹುಡುಗಿಯದೇ ಪ್ರಶ್ನೆ, ಆದರೆ ಅವನು ಬಯಸುವ ಉತ್ತರ ಬೇರೆ. ಯಾವ ಉತ್ತರ ಬೇಕೆಂದು ಮೊದಲೇ ಬಯಸಿದವರ ಕಣ್ಣಿಗೆ ಅದೇ ಉತ್ತರ ಕಾಣುತ್ತದೆ ಎಂಬುದೇ ಇಲ್ಲಿನ ಅಪಾಯ.

ಮನುಷ್ಯರ ಸಾವಿನಲ್ಲೂ ನಾವು ಇದೇ ದಾರಿಯಲ್ಲಿ ನಡೆದು ಬಂದಿದ್ದೇವೆ. ಜೀವಂತ ಹೂಳಿಬಿಟ್ಟಾರು ಎಂಬ ಭಯ 18ನೇ ಶತಮಾನದ ಯುರೋಪನ್ನು ಕಾಡಿತ್ತು. ಬಾಯಿಯ ಮುಂದೆ ಕನ್ನಡಿ ಹಿಡಿಯುವಂಥ ಪರೀಕ್ಷೆಗಳ ಮೇಲೆ ಅಲ್ಲಿನ ವೈದ್ಯರಿಗೇ ಪೂರ್ತಿ ನಂಬಿಕೆ ಇರಲಿಲ್ಲ. ಆ ಶತಮಾನದ ಕೊನೆಗೆ ಜರ್ಮನಿಯ ವೈಮಾರ್‌ನಲ್ಲಿ ವೈದ್ಯ ಹುಫೆಲಾಂಡ್ ಅವರ ಒತ್ತಾಯದಿಂದ ಶವಗಳನ್ನು ಕಾದು ನೋಡುವ ಮನೆಯೊಂದನ್ನೇ ಕಟ್ಟಿದರು. ಕೊಳೆಯುವ ಗುರುತು ಕಾಣುವವರೆಗೆ ದೇಹವನ್ನು ಅಲ್ಲಿಡುತ್ತಿದ್ದರು. ಕೊನೆಗೆ ಅವರೂ ನಂಬಿದ್ದು ವಾಸನೆಯನ್ನೇ.

ನಮ್ಮಲ್ಲಿ 1994ರ ಅಂಗಾಂಗ ಕಸಿ ಕಾಯ್ದೆ ಮೆದುಳುಕಾಂಡದ ಸಾವನ್ನು ಸಾವೆಂದು ಒಪ್ಪಿತು. 2008ರಿಂದ ತಮಿಳುನಾಡು ರೂಪಿಸಿದ ಅಂಗದಾನದ ವ್ಯವಸ್ಥೆ ದೇಶಕ್ಕೆ ಮಾದರಿಯಾಯಿತು. ಅದರ ಬಹುಪಾಲು ಕೆಲಸ ನಡೆದದ್ದು ಈ ಊರಿನ ಆಸ್ಪತ್ರೆಗಳಲ್ಲಿ. ಯಂತ್ರದ ನೆರವಿನಿಂದ ಎದೆ ಏರಿಳಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ, ಆದರೂ ವ್ಯಕ್ತಿ ಸತ್ತಿದ್ದಾನೆ ಎಂದು ವೈದ್ಯರು ಹೇಳಬೇಕಾಗುತ್ತದೆ. ಹಾಗೆ ಹೇಳುವ ಮೊದಲು ನಾಲ್ವರು ವೈದ್ಯರ ತಂಡ ಎರಡು ಸಲ ಪರೀಕ್ಷೆ ಮಾಡಬೇಕು, ಎರಡರ ನಡುವೆ ಕನಿಷ್ಠ 6 ತಾಸು ಬಿಡಬೇಕು. ಬಸವನಹುಳುವಿನದು ಸತ್ತಂತೆ ಕಾಣುವ ಬದುಕು, ಇದು ಬದುಕಿದಂತೆ ಕಾಣುವ ಸಾವು. ಎರಡಕ್ಕೂ ಮನುಷ್ಯರು ಕಂಡುಕೊಂಡ ವಿಧಾನ ಒಂದೇ: ಒಂದು ಸಲ ನೋಡು, ಕಾಯಿ, ಇನ್ನೊಂದು ಸಲ ನೋಡು. ನಡುವಿನ ಆ ಕಾಯುವಿಕೆ ಪರೀಕ್ಷೆಯ ಭಾಗವೇ.

ನಾವೂ ಕಾದೆವು. ನಂದುವಿನ ಬೋಗುಣಿಯನ್ನು ನನ್ನ ಅಡುಗೆಮನೆಯ ಕಿಟಕಿಯ ಕೆಳಗೆ, ಬಿಸಿಲು ತಾಗದ ಕಡೆ ಇಟ್ಟೆವು. ದಿನಾ ಸಂಜೆ ಶಾಲೆಯ ಚೀಲ ಇಳಿಸಿ ಅವಳು ಬರುತ್ತಿದ್ದಳು. ನೀರು ಬದಲಿಸಿ, ಮುಚ್ಚಳವನ್ನು ಬೆರಳ ತುದಿಯಲ್ಲಿ ಮುಟ್ಟಿ, ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಎರಡನೆಯ ದಿನ ಮುಚ್ಚಳ ಒಂದು ಕೂದಲೆಳೆಯಷ್ಟು ಒಳಸರಿಯಿತು. ಅವಳು ಕಿರುಚಿದ್ದು ಕೆಳಗಿನ ಮನೆಗೆ ಕೇಳಿತು. ಅವಳ ಅಮ್ಮ ಮೇಲೆ ಬಂದು, ತಾವೂ ಒಮ್ಮೆ ಮುಟ್ಟಿ ನೋಡಿ, ಏನೂ ಹೇಳದೆ ಹೋದರು. ಐದು ದಿನದ ಹಿಂದೆಯೇ ಬಿಸಾಡಿದ್ದರೆ ಅದು ಜೀವಂತವಾಗಿ ಕಸದ ಲಾರಿ ಹತ್ತುತ್ತಿತ್ತು.

ಮೂರನೆಯ ದಿನವೂ ಸರಿಯಿತು. ನಾಲ್ಕನೆಯ ದಿನ ಮುಟ್ಟಿದರೂ ಹಾಗೆಯೇ ಇತ್ತು. ಐದನೆಯ ದಿನ ಮುಚ್ಚಳ ಓರೆಯಾಗಿತ್ತು. ಆರನೆಯ ದಿನ ಬೆಳಿಗ್ಗೆ ಕಾಫಿಗೆ ಹಾಲಿಡಲು ಹೋದಾಗಲೇ ನನಗೆ ಗೊತ್ತಾಯಿತು. ಆದರೆ ನಾನು ಹೇಳಲಿಲ್ಲ. ಸಂಜೆ ಅವಳೇ ಬಂದು, ಬಗ್ಗಿ ಮೂಸಿ, ಮುಖ ಹಿಂಡಿ, ಪುಸ್ತಕದಲ್ಲಿ ಬರೆದಳು. ನಮ್ಮ ಟೆರೇಸಿನ ದಾಸವಾಳದ ಕುಂಡದಲ್ಲಿ ಗುಂಡಿ ತೋಡಿ ಹೂತೆವು. ಮುಚ್ಚಳವನ್ನು ಮಾತ್ರ ತೊಳೆದು ಅವಳು ಇಟ್ಟುಕೊಂಡಳು. ಅದರ ಮೇಲೆ ಒಂದರ ಸುತ್ತ ಒಂದು ಬೆಳೆದ ಗೆರೆಗಳಿವೆ. ಅದಕ್ಕೆ ಎಷ್ಟು ವಯಸ್ಸಾಗಿತ್ತು ಎಂದು ಅವಳೀಗ ಅವನ್ನು ಎಣಿಸುತ್ತಿದ್ದಾಳೆ.